ಅಂಚೆ ಕಚೇರಿಗೆ ಬೀಗ, ತಾಲ್ಲೂಕು ಕಚೇರಿ ಓಪನ್: ಗುರುನಾನಕ್ ಜಯಂತಿ ಯಾರ ಲೆಕ್ಕದಲ್ಲಿ ರಜೆ?

2025ರ ನವೆಂಬರ್ 5, ಬುಧವಾರ. ಕಾರ್ತಿಕ ಹುಣ್ಣಿಮೆ. ಅವತ್ತು ಬೀದರ್‌ನಲ್ಲಿ ಒಬ್ಬರಿಗೆ ಮೂರು ಕೆಲಸ ಇತ್ತು ಅಂದುಕೊಳ್ಳಿ. ಒಂದು ಸ್ಪೀಡ್ ಪೋಸ್ಟ್ ಕಳಿಸಬೇಕು. ತಾಲ್ಲೂಕು ಕಚೇರಿಯಲ್ಲಿ ಪಹಣಿ ತಿದ್ದುಪಡಿಗೆ ಅರ್ಜಿ ಕೊಡಬೇಕು. ಬ್ಯಾಂಕಿಗೆ ಚೆಕ್ ಹಾಕಬೇಕು. ಅಂಚೆ ಕಚೇರಿಗೆ ಗುರುನಾನಕ್ ಜಯಂತಿಯ ರಜೆ. ಸರಿ, ಹಾಗಾದರೆ ಎಲ್ಲ ಕಡೆ ರಜೆ ಇರಬೇಕು ಅಂತ ಮನೆಗೆ ಹೊರಟರೆ ಮೋಸ ಹೋದಂತೆ. ಯಾಕೆಂದರೆ ತಾಲ್ಲೂಕು ಕಚೇರಿಗೆ ಅದು ಮಾಮೂಲಿ ಬುಧವಾರ. ಬ್ಯಾಂಕಿಗೂ ಅಷ್ಟೇ. ಆದರೆ ಗಡಿ ದಾಟಿ ತೆಲಂಗಾಣದ ಜಹೀರಾಬಾದಿಗೆ ಹೋದರೆ, ಅದೇ ಬ್ಯಾಂಕಿನ ಅಲ್ಲಿನ ಶಾಖೆಗೆ ರಜೆ. ಮುಂಬೈ ಷೇರುಪೇಟೆಗೂ ರಜೆ. ಅಂದರೆ ಬೀದರ್‌ನಲ್ಲಿ ಕೂತು ಮೊಬೈಲಿನಲ್ಲಿ ಷೇರು ವ್ಯಾಪಾರ ಮಾಡುವವರೂ ಅವತ್ತು ಸುಮ್ನೆ ಕೂರಬೇಕು.

ಹುಣ್ಣಿಮೆ ಒಂದೇ, ಗುರುವೂ ಒಬ್ಬರೇ. ಸರ್ಕಾರಗಳು ಮಾತ್ರ ಒಂದಲ್ಲ.

ಇದೆಲ್ಲ ನಡೆಯುವುದು ಬೀದರ್‌ನಲ್ಲಿ ಅನ್ನುವುದೇ ಇಲ್ಲಿನ ತಮಾಷೆ. ಗುರುನಾನಕ್ ಝೀರಾ ಸಾಹಿಬ್ ಇರುವುದು ಅಲ್ಲೇ. ಗುರುನಾನಕರು ದಕ್ಷಿಣದ ಕಡೆ ಸಂಚಾರ ಬಂದಾಗ ಇಲ್ಲಿ ನೀರಿಗೆ ಬರ ಇತ್ತಂತೆ. ಅವರು ಕಾಲಿನಿಂದ ಒಂದು ಕಲ್ಲು ಸರಿಸಿದಾಗ ಸಿಹಿನೀರಿನ ಊಟೆ ಚಿಮ್ಮಿತು ಅನ್ನುವುದು ನಂಬಿಕೆ. ಆ ನೀರು ಈಗಲೂ ಹರಿದು ಗುರುದ್ವಾರದ ಮುಂದಿನ ಅಮೃತಕುಂಡ ಸೇರುತ್ತದೆ. 1699ರ ವೈಶಾಖಿಯ ದಿನ ಆನಂದಪುರದಲ್ಲಿ ಗುರು ಗೋವಿಂದ್ ಸಿಂಗ್ ಖಾಲ್ಸಾ ಅನ್ನುವ ದೀಕ್ಷೆ ಪಡೆದ ಸಿಖ್ಖರ ಪಂಥ ಕಟ್ಟಿದಾಗ ತಲೆ ಕೊಡಲು ಮುಂದೆ ಬಂದ ಐವರು ‘ಪಂಜ್ ಪ್ಯಾರೆ’ಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರ್‌ನವರು. ಹೀಗೆ ಸಿಖ್ ಚರಿತ್ರೆಯಲ್ಲಿ ಇಷ್ಟು ದೊಡ್ಡ ಹೆಸರಿರುವ ಊರಿನಲ್ಲಿ, ಗುರುನಾನಕರ ದಿನ ರಾಜ್ಯ ಸರ್ಕಾರದ ಕಚೇರಿ ತೆರೆದಿರುತ್ತದೆ. ಯಾಕೆ ಹೀಗೆ? ಇದು ಯಾರದೋ ಅಸಡ್ಡೆಯಲ್ಲ. ‘ಸರ್ಕಾರಿ ಮಾನ್ಯತೆ’ ಅಂತ ನಾವು ಒಂದೇ ಮಾತಲ್ಲಿ ಹೇಳುವುದರ ಒಳಗೆ ನಾಲ್ಕೈದು ಬೇರೆ ಬೇರೆ ವ್ಯವಸ್ಥೆಗಳಿವೆ. ಒಂದು ಕೊಟ್ಟಿದ್ದನ್ನು ಇನ್ನೊಂದು ಕೊಡಬೇಕು ಅಂತೇನಿಲ್ಲ.

ಮೊದಲು ದಿಲ್ಲಿಯಿಂದ ಶುರು ಮಾಡೋಣ. ಕೇಂದ್ರದ ಸಿಬ್ಬಂದಿ ಇಲಾಖೆ ಪ್ರತಿ ವರ್ಷ ಮುಂದಿನ ವರ್ಷದ ರಜೆಗಳ ಸುತ್ತೋಲೆ ಹೊರಡಿಸುತ್ತದೆ. ದಿಲ್ಲಿಯ ಹೊರಗಿರುವ ಕೇಂದ್ರ ಕಚೇರಿಗಳಿಗೆ ಅದರಲ್ಲಿ 14 ಕಡ್ಡಾಯ ರಜೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ ಈ ಮೂರನ್ನು ಬಿಟ್ಟರೆ ಉಳಿದ 11 ಧರ್ಮಕ್ಕೆ ಸಂಬಂಧಿಸಿದವು. ಬುದ್ಧ ಪೂರ್ಣಿಮೆ, ಮಹಾವೀರ ಜಯಂತಿ, ಗುಡ್ ಫ್ರೈಡೆ, ಕ್ರಿಸ್‌ಮಸ್, ಎರಡು ಈದ್, ಮೊಹರಂ, ಈದ್ ಮಿಲಾದ್, ದಸರಾ, ದೀಪಾವಳಿ. ಇವುಗಳ ಜೊತೆ ಗುರುನಾನಕ್ ಜಯಂತಿ. ದೇಶದ ಎಲ್ಲ ಮೂಲೆಯ ಅಂಚೆ ಕಚೇರಿ, ಆದಾಯ ತೆರಿಗೆ ಕಚೇರಿ ಅವತ್ತು ಮುಚ್ಚುವುದು ಈ ಪಟ್ಟಿಯಿಂದಾಗಿ. ಸಿಖ್ಖರೇ ಇಲ್ಲದ ಊರಿನಲ್ಲೂ ಮುಚ್ಚುತ್ತದೆ.

ಇದಾದ ಮೇಲೆ 12 ಹಬ್ಬಗಳ ಇನ್ನೊಂದು ಪಟ್ಟಿ ಇದೆ. ಅದರಿಂದ ಮೂರನ್ನು ಆಯಾ ರಾಜ್ಯದಲ್ಲಿರುವ ಕೇಂದ್ರ ನೌಕರರ ಸಮನ್ವಯ ಸಮಿತಿ ಆರಿಸಿಕೊಳ್ಳುತ್ತದೆ. ಸಿಖ್ಖರಿಗೆ ಬಹಳ ಮುಖ್ಯವಾದ ವೈಶಾಖಿ ಇರುವುದು ಈ ಪಟ್ಟಿಯಲ್ಲಿ. ಅದೂ ಕೊನೆಯ ನಂಬರಿನಲ್ಲಿ, ಇಕ್ಕಟ್ಟಾಗಿ. ನಮ್ಮ ಯುಗಾದಿಯೂ ಅದೇ ನಂಬರಿನೊಳಗೆ ಇದೆ, ಗೊತ್ತಾ? ವಿಷು, ಗುಡಿ ಪಾಡ್ವ, ಚೇಟಿ ಚಂಡ್, ನವ್ರೋಜ್, ಛಠ್ ಪೂಜೆ, ಕರ್ವಾ ಚೌತ್ ಎಲ್ಲವನ್ನೂ ಓರೆಗೆರೆ ಹಾಕಿ ಒಂದೇ ಸಾಲಿಗೆ ತುರುಕಿದ್ದಾರೆ. ಸಂತೆ ದಿನದ ಬಸ್ಸಿನ ಕೊನೆಯ ಸೀಟಿನ ಹಾಗೆ.

ಮೂರನೆಯದು ಪರಿಮಿತ ರಜೆ. ಇದರ ಪಟ್ಟಿ ಉದ್ದ, ಸಿಗುವುದು ಕಮ್ಮಿ. ನೌಕರರು ಪಟ್ಟಿಯಿಂದ ತಮಗೆ ಬೇಕಾದ ಎರಡು ದಿನ ಮಾತ್ರ ತೆಗೆದುಕೊಳ್ಳಬಹುದು. ಕಚೇರಿ ತೆರೆದೇ ಇರುತ್ತದೆ. ಗುರು ಗೋವಿಂದ್ ಸಿಂಗ್ ಜನ್ಮದಿನಕ್ಕೆ ಕೇಂದ್ರ ಕೊಟ್ಟಿರುವ ಜಾಗ ಇದು. ಮೊದಲ ಗುರುವಿಗೆ ದೇಶವಿಡೀ ಕಡ್ಡಾಯ ರಜೆ, ಹತ್ತನೆಯ ಗುರುವಿಗೆ ‘ಬೇಕಾದವರು ತೆಗೆದುಕೊಳ್ಳಿ’.

ಈಗ ಬ್ಯಾಂಕಿನ ವಿಷಯ. ಇದು ಬಹಳ ಜನಕ್ಕೆ ಆಶ್ಚರ್ಯ ಅನ್ನಿಸುತ್ತದೆ. ಬ್ಯಾಂಕ್ ರಜೆಯ ಮೂಲ ಯಾವ ಧರ್ಮದ ಕಾನೂನಿನಲ್ಲೂ ಇಲ್ಲ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯಲ್ಲಿದೆ. ಚೆಕ್ ಬೌನ್ಸ್ ಕೇಸು ಹಾಕುತ್ತಾರಲ್ಲ, ಅದೇ ಕಾಯಿದೆ. ಅದರ 25ನೇ ಸೆಕ್ಷನ್ ಕೇಳುವ ಪ್ರಶ್ನೆ ಇಷ್ಟೇ: ಒಂದು ಪ್ರಾಮಿಸರಿ ನೋಟಿನ ವಾಯಿದೆ ರಜೆಯ ದಿನ ಬಿದ್ದರೆ ಏನು ಮಾಡುವುದು? ಉತ್ತರ, ಅದರ ಹಿಂದಿನ ಕೆಲಸದ ದಿನವೇ ವಾಯಿದೆ ಅಂತ ಲೆಕ್ಕ ಹಿಡಿಯುವುದು. ಹಾಗಾದರೆ ‘ರಜೆಯ ದಿನ’ ಯಾವುದು ಅಂತ ಯಾರಾದರೂ ಹೇಳಬೇಕಲ್ಲ? ಭಾನುವಾರಗಳು ಮತ್ತು ಸರ್ಕಾರ ಗೆಜೆಟ್‌ನಲ್ಲಿ ಸಾರಿದ ದಿನಗಳು ಅಂತ ಕಾಯಿದೆ ಹೇಳಿತು. ಕೇಂದ್ರ ಸರ್ಕಾರ ಈ ಅಧಿಕಾರವನ್ನು 1957ರಲ್ಲಿ ರಾಜ್ಯಗಳಿಗೆ ಬಿಟ್ಟುಕೊಟ್ಟಿತು. ಹಾಗಾಗಿ ಬೀದರ್‌ನ ಬ್ಯಾಂಕು ಯಾವಾಗ ಮುಚ್ಚಬೇಕು ಅನ್ನುವುದನ್ನು ಬೆಂಗಳೂರು ಹೇಳುತ್ತದೆ, ಜಹೀರಾಬಾದ್ ಬ್ಯಾಂಕಿನದನ್ನು ಹೈದರಾಬಾದ್ ಹೇಳುತ್ತದೆ. ತೆಲಂಗಾಣ, ಮಹಾರಾಷ್ಟ್ರ ಗುರುನಾನಕ್ ಜಯಂತಿಯನ್ನು ಹೀಗೆ ಸಾರಿವೆ. ಗುರು ಗೋವಿಂದ್ ಸಿಂಗ್ ಕೊನೆಯುಸಿರೆಳೆದ ನಾಂದೇಡ್ ಮಹಾರಾಷ್ಟ್ರದಲ್ಲಿದೆ. ಅಲ್ಲಿನ ಬ್ಯಾಂಕುಗಳಿಗೆ ರಜೆ. ಬೀದರ್‌ನಲ್ಲಿ ಇಲ್ಲ.

ಯಾಕಿಲ್ಲ ಅಂದರೆ ಕರ್ನಾಟಕದ ಸಾರ್ವತ್ರಿಕ ರಜೆಗಳ ಪಟ್ಟಿಯಲ್ಲಿ ಗುರುನಾನಕ್ ಜಯಂತಿ ಇಲ್ಲ. ಪರಿಮಿತ ರಜೆಗಳ ಪಟ್ಟಿಯಲ್ಲಿದೆ. ಪಟ್ಟಿ ಸಿದ್ಧಪಡಿಸುವುದು ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ, ಒಪ್ಪಿಗೆ ಕೊಡುವುದು ಸಚಿವ ಸಂಪುಟ. ಅದರಲ್ಲಿ ಬಸವ ಜಯಂತಿ, ಕನಕದಾಸ ಜಯಂತಿ, ವಾಲ್ಮೀಕಿ ಜಯಂತಿ, ರಾಜ್ಯೋತ್ಸವ ಇವೆ. ರಾಜ್ಯ ತನ್ನ ಜನ ಯಾರು, ತನ್ನ ಹಿರಿಯರು ಯಾರು ಅಂತ ಹೇಳಿಕೊಳ್ಳುವ ಜಾಗ ಅದು. ಕೇಂದ್ರದ ಪಟ್ಟಿ ಧರ್ಮಗಳ ಲೆಕ್ಕದ್ದು, ರಾಜ್ಯದ ಪಟ್ಟಿ ಊರಿನ ಲೆಕ್ಕದ್ದು ಅಂತ ನನಗೆ ಅನ್ನಿಸುತ್ತದೆ. ಗುರುನಾನಕ್ ಜಯಂತಿ ಕಳೆದು ಎರಡು ಮೂರು ದಿನಕ್ಕೆ ಕನಕ ಜಯಂತಿ ಬರುತ್ತದೆ. ಅಂಚೆ ಕಚೇರಿ ಮೊದಲನೆಯದಕ್ಕೆ ಮುಚ್ಚಿ ಎರಡನೆಯದಕ್ಕೆ ತೆರೆಯುತ್ತದೆ. ತಾಲ್ಲೂಕು ಕಚೇರಿ ಅದರ ಉಲ್ಟಾ. 2025ರಲ್ಲಿ ಕನಕ ಜಯಂತಿ ನವೆಂಬರ್ 8ಕ್ಕೆ, ಎರಡನೇ ಶನಿವಾರ ಬಿತ್ತು. ರಾಜ್ಯದ ನೌಕರರಿಗೆ ಒಂದು ರಜೆ ಹಾಗೇ ಹೋಯ್ತು.

ಸಿಖ್ಖರ ಸಂಖ್ಯೆ ಕರ್ನಾಟಕದಲ್ಲಿ ಕಮ್ಮಿ, ಹಾಗಾಗಿ ಇಡೀ ರಾಜ್ಯಕ್ಕೆ ರಜೆ ಕೊಡುವುದು ಕಷ್ಟ ಅಂತ ಯಾರಾದರೂ ಹೇಳಿದರೆ ಅದನ್ನು ಒಪ್ಪಬಹುದು. ಆದರೆ ಇನ್ನೊಂದು ದಾರಿ ನಮ್ಮದೇ ಪಟ್ಟಿಯ ಕೆಳಗೆ ಬರೆದಿದೆ. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ ಈ ಮೂರಕ್ಕೆ ಕೊಡಗು ಜಿಲ್ಲೆಗೆ ಮಾತ್ರ ಸ್ಥಳೀಯ ರಜೆ ಇದೆ. ಕಾವೇರಿ ತೀರ್ಥೋದ್ಭವಕ್ಕೆ ಮಡಿಕೇರಿ ಮುಚ್ಚಬಹುದು, ಅದಕ್ಕಾಗಿ ರಾಯಚೂರು ಮುಚ್ಚಬೇಕಿಲ್ಲ. ಝೀರಾ ಸಾಹಿಬ್ ಇರುವ ಬೀದರ್ ಜಿಲ್ಲೆಗೂ ಹಾಗೇ ಒಂದು ಸಾಲು ಸೇರಿಸಲು ಹೊಸ ಕಾಯಿದೆಯೇನೂ ಬೇಕಾಗಿಲ್ಲ.

ಖಾಸಗಿಯವರ ಕಥೆ ಬೇರೆ. 1963ರ ರಾಜ್ಯ ಕಾಯಿದೆಯ ಪ್ರಕಾರ ಕಾರ್ಖಾನೆ, ಕಂಪನಿಗಳು ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಇಷ್ಟು ಕೊಡಲೇಬೇಕು. ಇವುಗಳ ಮೇಲೆ ಐದು ಹಬ್ಬದ ರಜೆ. ಆ ಐದರಲ್ಲಿ ಗುರುನಾನಕ್ ಜಯಂತಿ ಬರುವುದು ತೀರಾ ಅಪರೂಪ.

ಕೋರ್ಟಿಗೆ ಹೋದರೆ ಸಿಗುತ್ತದಾ? ಸಿಗುವುದಿಲ್ಲ. 2022ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಮುಂದೆ ದಾದ್ರಾ ಮತ್ತು ನಗರ ಹವೇಲಿಯ ಆಗಸ್ಟ್ 2ರ ವಿಮೋಚನಾ ದಿನದ ರಜೆಯ ಪ್ರಶ್ನೆ ಬಂದಿತ್ತು. ಸಾರ್ವಜನಿಕ ರಜೆ ಯಾರ ಮೂಲಭೂತ ಹಕ್ಕೂ ಅಲ್ಲ, ಅದು ಸರ್ಕಾರದ ನೀತಿಗೆ ಬಿಟ್ಟದ್ದು ಅಂತ ಕೋರ್ಟ್ ಹೇಳಿತು. ದೇಶದಲ್ಲಿ ರಜೆಗಳು ಈಗಾಗಲೇ ಜಾಸ್ತಿಯಾಗಿವೆ ಅಂತಲೂ ಸೇರಿಸಿತು. ಸಂವಿಧಾನದ 25ನೇ ವಿಧಿ ಸಿಖ್ಖರಿಗೆ ಕಿರ್ಪಾಣ್ ಧರಿಸುವುದನ್ನು ಹೆಸರು ಹೇಳಿಯೇ ಒಪ್ಪಿದೆ. ಹಬ್ಬದ ರಜೆಯ ಬಗ್ಗೆ ಅದರಲ್ಲಿ ಒಂದಕ್ಷರ ಇಲ್ಲ.

ಇಷ್ಟರವರೆಗೆ ಕಚೇರಿಯ ಬಾಗಿಲಿನ ಮಾತಾಯಿತು. ನಿಜವಾದ ಕಗ್ಗಂಟು ದಿನಾಂಕದ್ದು. ಒಂದು ದಿನಕ್ಕೆ ರಜೆ ಕೊಡಬೇಕಾದರೆ ಆ ದಿನ ಯಾವತ್ತು ಬರುತ್ತದೆ ಅಂತ ಗೊತ್ತಿರಬೇಕಲ್ವಾ?

ಗುರುನಾನಕರು ಹುಟ್ಟಿದ್ದು 1469ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ತಲವಂಡಿಯಲ್ಲಿ. ಆ ಊರಿಗೆ ಈಗ ಅವರದೇ ಹೆಸರು, ನಾನಕಾನಾ ಸಾಹಿಬ್. ಅವರ ಜೀವನ ಹೇಳುವ ಹಳೆಯ ಜನಮ್‌ಸಾಖಿಗಳು ಹುಟ್ಟಿದ ತಿಂಗಳು ವೈಶಾಖ ಅನ್ನುತ್ತವೆ. ಭಾಯಿ ಬಾಲಾ ಹೆಸರಿನ ಜನಮ್‌ಸಾಖಿ ಕಾರ್ತಿಕ ಹುಣ್ಣಿಮೆ ಅನ್ನುತ್ತದೆ. ಇತಿಹಾಸಕಾರರಲ್ಲಿ ಬಹಳಷ್ಟು ಜನ ವೈಶಾಖದ ಕಡೆ. ಜನ ಮಾತ್ರ ಕಾರ್ತಿಕ ಹುಣ್ಣಿಮೆಯನ್ನು ಬಿಡಲಿಲ್ಲ. ಹಾಗಾಗಿ ಹುಟ್ಟಿದ್ದು ಏಪ್ರಿಲ್ ಅಂತ ಪುಸ್ತಕ ಹೇಳಿದರೂ ರಜೆ ನವೆಂಬರ್‌ನಲ್ಲಿ.

ಚಂದ್ರನನ್ನು ನಂಬಿದರೆ ತಾರೀಖು ಓಡಾಡುತ್ತದೆ. ನಮಗಿದು ಹೊಸದಲ್ಲ. ಯುಗಾದಿ ಮಾರ್ಚ್‌ನಲ್ಲೂ ಬರುತ್ತದೆ, ಏಪ್ರಿಲ್‌ನಲ್ಲೂ ಬರುತ್ತದೆ. ಸಂಕ್ರಾಂತಿ ಜನವರಿ 14, 15 ಬಿಟ್ಟು ಕದಲುವುದಿಲ್ಲ. ಮೊದಲನೆಯದು ಚಾಂದ್ರಮಾನ, ಎರಡನೆಯದು ಸೌರಮಾನ. ಸಿಖ್ಖರ ವೈಶಾಖಿ ಸಂಕ್ರಾಂತಿಯ ಜಾತಿಗೆ ಸೇರಿದ್ದು, ಏಪ್ರಿಲ್ 13 ಅಥವಾ 14ಕ್ಕೆ ನಿಲ್ಲುತ್ತದೆ. ಗುರುಗಳ ಜನ್ಮದಿನಗಳು ಯುಗಾದಿಯ ಜಾತಿ.

ಹತ್ತನೇ ಗುರುವಿನ ವಿಷಯದಲ್ಲಿ ಇದು ಎಷ್ಟು ಪಜೀತಿಗೆ ಹೋಗುತ್ತದೆ ನೋಡಿ. ಅವರು ಹುಟ್ಟಿದ್ದು ಪುಷ್ಯ ಶುದ್ಧ ಸಪ್ತಮಿ. ಆ ತಿಥಿ ಡಿಸೆಂಬರ್ ಕೊನೆಗೂ ಜನವರಿಗೂ ನಡುವೆ ಜೋಲಿ ಹೊಡೆಯುತ್ತದೆ. 2022ರಲ್ಲಿ ಅವರ ಜನ್ಮದಿನ ಜನವರಿ 9ಕ್ಕೆ ಬಂತು. ಅದೇ ವರ್ಷ ಡಿಸೆಂಬರ್ 29ಕ್ಕೆ ಇನ್ನೊಮ್ಮೆ ಬಂತು. 2023ರಲ್ಲಿ? ಬರಲೇ ಇಲ್ಲ. ಆ ವರ್ಷ ಅಧಿಕ ಶ್ರಾವಣ ಬಂದಿದ್ದರಿಂದ ಮುಂದಿನ ತಿಂಗಳುಗಳೆಲ್ಲ ತಡವಾದವು. ಪುಷ್ಯ ಮಾಸ ಮುಂದಕ್ಕೆ ಹೋಗಿ ಹಬ್ಬ 2024ರ ಜನವರಿ 17ಕ್ಕೆ ಬಿತ್ತು. 2025ರಲ್ಲಿ ಮತ್ತೆ ಎರಡು ಸಲ, ಜನವರಿ 6 ಮತ್ತು ಡಿಸೆಂಬರ್ 27. ವರ್ಷಕ್ಕೊಂದು ಅಂತ ರಜೆ ಕೊಡುವ ಗುಮಾಸ್ತರ ಪಾಡು ಊಹಿಸಿಕೊಳ್ಳಿ.

ಇದಕ್ಕೊಂದು ಮದ್ದು ಹುಡುಕಿದವರು ಪಾಲ್ ಸಿಂಗ್ ಪುರೇವಾಲ್. ಕೆನಡಾದ ಎಡ್ಮಂಟನ್‌ನಲ್ಲಿ ನೆಲೆಸಿದ್ದ ಇಂಜಿನಿಯರ್. ಅವರು ರೂಪಿಸಿದ್ದು ನಾನಕ್‌ಶಾಹಿ ಕ್ಯಾಲೆಂಡರ್. ಮೊದಲ ಐದು ತಿಂಗಳಿಗೆ 31 ದಿನ, ಉಳಿದವಕ್ಕೆ 30. ಅಧಿಕ ವರ್ಷದಲ್ಲಿ ಕೊನೆಯ ತಿಂಗಳಿಗೆ ಒಂದು ದಿನ ಜಾಸ್ತಿ. ಹೊಸ ವರ್ಷ ಮಾರ್ಚ್ 14ಕ್ಕೆ. ವರ್ಷ ಎಣಿಸುವುದು ಗುರುನಾನಕರು ಹುಟ್ಟಿದ 1469ರಿಂದ. ಇಂಗ್ಲಿಷ್ ಕ್ಯಾಲೆಂಡರ್ ಜೊತೆ ಹೆಜ್ಜೆಗೆ ಹೆಜ್ಜೆ ಹೋಗುವುದರಿಂದ ಹತ್ತನೇ ಗುರುವಿನ ಜನ್ಮದಿನ ಪ್ರತಿ ವರ್ಷ ಜನವರಿ 5. ಮುಗಿಯಿತು. 2003ರಲ್ಲಿ ಗುರುದ್ವಾರಗಳ ಆಡಳಿತ ನೋಡುವ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ಇದನ್ನು ಜಾರಿಗೆ ತಂದಿತು. ವಿದೇಶದಲ್ಲಿರುವ ಸಿಖ್ಖರಿಗೆ ಇದು ಅನುಕೂಲ. ಮಗಳ ಶಾಲೆಗೋ ತಮ್ಮ ಮ್ಯಾನೇಜರ್‌ಗೋ ರಜೆ ಕೇಳುವಾಗ ‘ಈ ವರ್ಷ ಯಾವಾಗ ಅಂತ ನೋಡಿ ಹೇಳ್ತೀನಿ’ ಅನ್ನಬೇಕಿಲ್ಲ.

ಆದರೆ ಗುರುನಾನಕ್ ಜಯಂತಿಯನ್ನು ಮಾತ್ರ ಆಗಲೂ ಹುಣ್ಣಿಮೆಗೇ ಬಿಟ್ಟರು. ಹೋಳಿಯ ಹೊತ್ತಿನ ಹೋಲಾ ಮೊಹಲ್ಲಾ, ದೀಪಾವಳಿಯ ಹೊತ್ತಿನ ಬಂದೀ ಛೋಡ್ ದಿವಸವನ್ನೂ ಮುಟ್ಟಲಿಲ್ಲ. ಜನರ ಬಾಯಲ್ಲಿ, ಕಾಲಲ್ಲಿ ಕೂತ ದಿನಗಳು ಅವು. ಕಾರ್ತಿಕ ಹುಣ್ಣಿಮೆಗೆ ಎರಡು ದಿನ ಮೊದಲೇ ಗುರು ಗ್ರಂಥ ಸಾಹಿಬ್ ಅನ್ನು ನಿಲ್ಲಿಸದೆ ಓದುವ 48 ಗಂಟೆಗಳ ಅಖಂಡ ಪಾಠ ಶುರುವಾಗುತ್ತದೆ, ಮುಂಜಾನೆ ಹಾಡುತ್ತಾ ಬೀದಿ ಸುತ್ತುವ ಪ್ರಭಾತ್ ಫೇರಿ ಹೊರಡುತ್ತದೆ. ಹಿಟ್ಟು, ತುಪ್ಪ, ಸಕ್ಕರೆ ಸಮ ಸಮ ಹಾಕಿ ಕಲಕಿದ ಕಡಾ ಪ್ರಸಾದ ಅಂಗೈಗೆ ಬೀಳುತ್ತದೆ, ತುಪ್ಪ ಮಣಿಕಟ್ಟಿನವರೆಗೆ ಇಳಿಯುತ್ತದೆ. ಅದನ್ನೆಲ್ಲ ಏಪ್ರಿಲ್‌ಗೆ ಎತ್ತಿಡಿ ಅಂದರೆ ಯಾರು ಕೇಳುತ್ತಾರೆ? ಆಮೇಲೆ 2010ರಲ್ಲಿ ಕ್ಯಾಲೆಂಡರಿಗೇ ತಿದ್ದುಪಡಿ ಬಂತು, ಇನ್ನಷ್ಟು ದಿನಗಳು ಮತ್ತೆ ತಿಥಿಗೆ ಮರಳಿದವು. ಮೂಲ ಕ್ಯಾಲೆಂಡರೇ ಬೇಕು ಅನ್ನುವವರು ಈಗಲೂ ಇದ್ದಾರೆ. ಹಾಗಾಗಿ ಕೆಲವು ವರ್ಷ ಗುರುವಿನ ಒಂದೇ ಹಬ್ಬ ಎರಡು ಗುರುದ್ವಾರಗಳಲ್ಲಿ ಎರಡು ದಿನ ನಡೆಯುತ್ತದೆ. ಸರ್ಕಾರ ಈ ಜಗಳಕ್ಕೆ ಕೈ ಹಾಕುವುದಿಲ್ಲ. ಕೋಲ್ಕತ್ತದ ಪೊಸಿಷನಲ್ ಆಸ್ಟ್ರಾನಮಿ ಸೆಂಟರ್ ರಜಾ ಪಟ್ಟಿಗೆ ಬೇಕಾದ ತಿಥಿಗಳ ಲೆಕ್ಕ ಕೊಡುತ್ತದೆ.

ದಿನಾಂಕದ ಹಾಗೆ ಹೆಸರೂ ತಕರಾರಿಗೆ ಬರುತ್ತದೆ. ನಾವು ಸಲೀಸಾಗಿ ಜಯಂತಿ ಅನ್ನುತ್ತೇವೆ. ಸಿಖ್ಖರಿಗೆ ಅದು ಗುರುಪುರಬ್, ಇಲ್ಲವೇ ಪ್ರಕಾಶ ಪರ್ವ. ಗುರು ಅಂದರೆ ಬೆಳಕು, ಬೆಳಕು ಹುಟ್ಟುವುದಿಲ್ಲ, ಕಾಣಿಸಿಕೊಳ್ಳುತ್ತದೆ ಅನ್ನುವ ಭಾವನೆ ಅದರಲ್ಲಿದೆ. ಷೇರುಪೇಟೆಯ ರಜಾ ಪಟ್ಟಿ ‘ಪ್ರಕಾಶ್ ಗುರುಪುರಬ್ ಶ್ರೀ ಗುರುನಾನಕ್ ದೇವ್’ ಅಂತಲೇ ಬರೆಯುತ್ತದೆ. ಕೇಂದ್ರದ ಸುತ್ತೋಲೆಯಲ್ಲಿ ಮಾತ್ರ ಇನ್ನೂ ಬರೀ ‘ಗುರುನಾನಕ್ ಜನ್ಮದಿನ’.

ಹೆಸರಿನ ದೊಡ್ಡ ಜಟಾಪಟಿ ನಡೆದದ್ದು ವೀರ ಬಾಲ ದಿವಸದ ಬಗ್ಗೆ. ಮೇಲೆ ಹೇಳಿದ 2022ರ ಜನವರಿ 9ರಂದೇ, ಗುರು ಗೋವಿಂದ್ ಸಿಂಗ್ ಜನ್ಮದಿನ, ಪ್ರಧಾನಿ ಮೋದಿ ಪ್ರತಿ ಡಿಸೆಂಬರ್ 26ನ್ನು ವೀರ ಬಾಲ ದಿವಸವಾಗಿ ಆಚರಿಸುವುದಾಗಿ ಪ್ರಕಟಿಸಿದರು. ಮೂರು ಶತಮಾನದ ಹಿಂದೆ ಸರ್‌ಹಿಂದ್‌ನಲ್ಲಿ ಧರ್ಮ ಬಿಡಲು ಒಪ್ಪದೆ ಪ್ರಾಣ ಕೊಟ್ಟ, ಹತ್ತು ವರ್ಷವೂ ತುಂಬದ ಇಬ್ಬರು ಮಕ್ಕಳ ನೆನಪಿಗೆ. ಗುರುವಿನ ಕಿರಿಯ ಮಕ್ಕಳಾದ ಜೋರಾವರ್ ಸಿಂಗ್ ಮತ್ತು ಫತೇ ಸಿಂಗ್. ಇಷ್ಟು ದೊಡ್ಡ ಮಾನ್ಯತೆ ಸಿಕ್ಕಾಗ ಖುಷಿಯಾಗಬೇಕಿತ್ತು ಅಲ್ವಾ? ಶಿರೋಮಣಿ ಸಮಿತಿ ತಕರಾರು ಎತ್ತಿತು. ಸಿಖ್ಖರು ಅವರನ್ನು ಕರೆಯುವುದು ‘ಸಾಹಿಬ್‌ಜಾದೆ’ ಅಂತ, ‘ಬಾಬಾ’ ಅಂತ. ವಯಸ್ಸು ಎಳೆಯದಾದರೂ ಸ್ಥಾನ ಹಿರಿಯರದ್ದು. ‘ಬಾಲ’ ಅಂದರೆ ಆ ಸ್ಥಾನ ಇಳಿದಂತೆ. ‘ಸಾಹಿಬ್‌ಜಾದೆ ಶಹಾದತ್ ದಿವಸ’ ಅಂತ ಕರೆಯಿರಿ ಅಂತ ಕೇಳಿದರು. ಹೆಸರು ಬದಲಾಗಲಿಲ್ಲ. ಈ ದಿನಕ್ಕೆ ದೇಶವಿಡೀ ಶಾಲೆಗಳಲ್ಲಿ ಕಾರ್ಯಕ್ರಮ ಉಂಟು, ಕಡ್ಡಾಯ ರಜೆ ಇಲ್ಲ. ಕೇಳಿದವರಿಗೆ ರಜೆ ಮುಖ್ಯವಾಗಿರಲಿಲ್ಲ, ಹೆಸರು ಮುಖ್ಯವಾಗಿತ್ತು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಗಮನಿಸಬೇಕಾದ್ದು ಇದೇ.

ಹೊರದೇಶಗಳಲ್ಲಿ ರಜೆ ಇಲ್ಲದ ಮಾನ್ಯತೆಯೇ ಹೆಚ್ಚು. ಕೆನಡಾ 2019ರಲ್ಲಿ ಕಾಯಿದೆ ಮಾಡಿ ಏಪ್ರಿಲನ್ನು ಸಿಖ್ ಪರಂಪರೆಯ ತಿಂಗಳು ಅಂದಿತು. ವೈಶಾಖಿ ಬರುವ ತಿಂಗಳು ಅಂತಲೇ ಏಪ್ರಿಲ್. ಅದರಿಂದ ಯಾವ ಕಚೇರಿಯೂ ಮುಚ್ಚುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ 2024ರಲ್ಲಿ ದೀಪಾವಳಿಯನ್ನು ರಾಜ್ಯದ ಅಧಿಕೃತ ಹಬ್ಬ ಅಂತ ಒಪ್ಪಿತು. ಅಲ್ಲೂ ಬಾಗಿಲು ಹಾಕಬೇಕು ಅಂತೇನಿಲ್ಲ. ಕ್ಯಾಲಿಫೋರ್ನಿಯಾದ ದೀಪಾವಳಿ ಕಾಯಿದೆ 2026ರ ಜನವರಿ 1ರಿಂದ ಜಾರಿಗೆ ಬಂದಿದೆ. ಅದು ಸ್ವಲ್ಪ ಮುಂದೆ ಹೋಗಿ, ಬೇಕಾದ ಸರ್ಕಾರಿ ನೌಕರರು ಅವತ್ತು ರಜೆ ಹಾಕಬಹುದು, ಶಾಲೆಗಳು ಬೇಕಾದರೆ ಮುಚ್ಚಬಹುದು ಅನ್ನುತ್ತದೆ. ಹೆಚ್ಚುಕಮ್ಮಿ ನಮ್ಮ ಪರಿಮಿತ ರಜೆಯದ್ದೇ ಅಣ್ಣತಮ್ಮ.

ದೀಪಾವಳಿಯಿಂದ ಸಿಖ್ಖರಿಗೇನು ಅಂತ ಕೇಳಬಹುದು. ಅದೇ ಬಂದೀ ಛೋಡ್ ದಿವಸ. ಆರನೇ ಗುರು ಹರಗೋವಿಂದರನ್ನು ಜಹಾಂಗೀರ್ ಗ್ವಾಲಿಯರ್ ಕೋಟೆಯಲ್ಲಿ ಇಟ್ಟಿದ್ದ. ಬಿಡುಗಡೆಯ ಮಾತು ಬಂದಾಗ ಗುರು, ಜೊತೆಗಿರುವ 52 ರಾಜರನ್ನೂ ಬಿಟ್ಟರೆ ಮಾತ್ರ ಹೊರಗೆ ಬರುತ್ತೇನೆ ಅಂದರು. ನಿನ್ನ ಅಂಗಿ ಹಿಡಿದುಕೊಂಡು ಬರುವಷ್ಟು ಜನ ಬರಲಿ ಅಂದನಂತೆ ಜಹಾಂಗೀರ್. ಗುರು 52 ಗೊಂಡೆಗಳಿರುವ ಉದ್ದ ನಿಲುವಂಗಿ ಹೊಲಿಸಿದರು. ಒಬ್ಬೊಬ್ಬ ರಾಜ ಒಂದೊಂದು ಗೊಂಡೆ ಹಿಡಿದುಕೊಂಡು ಬಾಗಿಲು ದಾಟಿದ ಅನ್ನುತ್ತದೆ ಪರಂಪರೆ. ಅಮೃತಸರದ ಹರಮಂದಿರದಲ್ಲಿ, ಅಂದರೆ ಸ್ವರ್ಣಮಂದಿರದಲ್ಲಿ, ಆ ರಾತ್ರಿ ದೀಪ ಹಚ್ಚುವುದು ಈ ನೆನಪಿಗೆ. ಹೀಗೆ ದೀಪಾವಳಿಗೆ ರಜೆ ಸಿಕ್ಕ ಕಡೆಯಲ್ಲೆಲ್ಲ ಸಿಖ್ಖರ ಹಬ್ಬಕ್ಕೂ ರಜೆ ಸಿಕ್ಕಿದೆ. ಹೆಸರು ಮಾತ್ರ ಇನ್ನೊಬ್ಬರದ್ದು.

ಒಂದು ದಿನಕ್ಕೆಂದೇ ರಜೆ ಕೊಡುವುದೂ ಉಂಟು. ಒಂಬತ್ತನೇ ಗುರು ತೇಗ್ ಬಹಾದೂರ್ ದಿಲ್ಲಿಯ ಚಾಂದನಿ ಚೌಕದಲ್ಲಿ ತಲೆ ಕೊಟ್ಟದ್ದು 1675ರಲ್ಲಿ. 350 ವರ್ಷ ತುಂಬಿದ್ದಕ್ಕೆ ದಿಲ್ಲಿ ಸರ್ಕಾರ 2025ರ ನವೆಂಬರ್ 25ಕ್ಕೆ ಸಾರ್ವಜನಿಕ ರಜೆ ಕೊಟ್ಟಿತು. ಪಂಚಾಂಗದ ಪ್ರಕಾರ ಆ ವರ್ಷ ತಿಥಿ ಅವತ್ತು. ಪುರೇವಾಲರ ಕ್ಯಾಲೆಂಡರ್‌ನಲ್ಲಾದರೆ ಅದು ಯಾವಾಗಲೂ ನವೆಂಬರ್ 24.

2026ರಲ್ಲಿ ಕಾರ್ತಿಕ ಹುಣ್ಣಿಮೆಯೂ ನವೆಂಬರ್ 24ಕ್ಕೇ ಬೀಳುತ್ತದೆ, ಮಂಗಳವಾರ. ಮೂಲ ನಾನಕ್‌ಶಾಹಿ ಕ್ಯಾಲೆಂಡರ್ ಗೋಡೆಗೆ ಹಾಕಿಕೊಂಡವರ ಮನೆಯಲ್ಲಿ ಮೊದಲ ಗುರುವಿನ ಹುಟ್ಟುಹಬ್ಬವೂ ಒಂಬತ್ತನೇ ಗುರು ಹುತಾತ್ಮರಾದ ದಿನವೂ ಒಂದೇ ಚೌಕದಲ್ಲಿ ಇರುತ್ತವೆ. ಬೀದರ್‌ನವರು ಸ್ಪೀಡ್ ಪೋಸ್ಟ್ ಇದ್ದರೆ ಸೋಮವಾರವೇ ಹಾಕಿಬಿಡಿ. ಪಹಣಿ ಕೆಲಸ ಮಂಗಳವಾರವೂ ಆಗುತ್ತದೆ.